45 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸುವ ನಿಯಮವನ್ನು ನಾನು ಕೈಬಿಟ್ಟಿದ್ದು

ಸೋಮವಾರ ಬೆಳಗ್ಗೆ ಬಂತು ಅಂದರೆ ನಮ್ಮ ಹೆಲ್ಪ್‌ಡೆಸ್ಕಿಗೆ ಒಂದೇ ಕೆಲಸ, ಪಾಸ್‌ವರ್ಡ್ ರೀಸೆಟ್. ಸುಮಾರು 300 ಜನರ ಸಂಸ್ಥೆ. ಸರ್ವರ್, ನೆಟ್‌ವರ್ಕ್, ಎಲ್ಲರ ಅಕೌಂಟ್ ನೋಡಿಕೊಳ್ಳುವುದು ನನ್ನ ಜವಾಬ್ದಾರಿ. 45 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಬೇಕು, ಕನಿಷ್ಠ 8 ಅಕ್ಷರ ಇರಬೇಕು, ಅದರಲ್ಲಿ ಕ್ಯಾಪಿಟಲ್ ಅಕ್ಷರ, ಅಂಕಿ, ಚಿಹ್ನೆ ಎಲ್ಲ ಬರಬೇಕು. ಈ ನಿಯಮ ಬರೆದವನು ನಾನೇ. ಅದರಿಂದ ಭದ್ರತೆ ಹೆಚ್ಚುತ್ತದೆ ಅಂತ ಮನಸಾರೆ ನಂಬಿದ್ದೆ.

ಒಂದು ದಿನ ಅಕೌಂಟ್ಸ್ ವಿಭಾಗದಲ್ಲಿ ಪ್ರಿಂಟರ್ ಕೆಟ್ಟಿತ್ತು. ನೋಡಲು ಹೋದೆ. ಅಲ್ಲಿನ ಹಿರಿಯ ಮೇಡಂ ಒಬ್ಬರ ಮೇಜಿನ ಮೇಲೆ ಡೈರಿಯ ಕೊನೆಯ ಪುಟ ತೆರೆದಿತ್ತು. ಒಂದರ ಕೆಳಗೊಂದು ಒಂಬತ್ತು ಸಾಲು. ಎಲ್ಲದರಲ್ಲೂ ಅದೇ ಹೆಸರು, ಅದೇ ಅಟ್ ಚಿಹ್ನೆ. ಕೊನೆಯ ಅಂಕಿ ಮಾತ್ರ 01, 02, 03 ಅಂತ ಏರುತ್ತಾ ಹೋಗಿತ್ತು. ಎಂಟು ಸಾಲುಗಳನ್ನು ಸ್ಕೇಲ್ ಇಟ್ಟು ನೀಟಾಗಿ ಹೊಡೆದುಹಾಕಿದ್ದರು. ನಾನು ನೋಡಿದ್ದು ಗೊತ್ತಾಗಿ ಡೈರಿ ಮುಚ್ಚಿದರು. "ಸರ್, ಬರೆದಿಡೋದು ತಪ್ಪು ಅಂತ ಗೊತ್ತು. ಆದ್ರೆ ತಿಂಗಳ ಕೊನೆಗೆ ಅಕೌಂಟ್ ಲಾಕ್ ಆದ್ರೆ ಎಲ್ಲರ ಸಂಬಳ ನಿಲ್ಲುತ್ತೆ, ಅಲ್ವಾ?" ಅಂದರು.

ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ವಾರವೆಲ್ಲ ಓದಿದೆ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಝಾಂಗ್, ಮನ್ರೋಸ್ ಮತ್ತು ರೈಟರ್ 2010ರಲ್ಲಿ ಪ್ರಕಟಿಸಿದ ಸಂಶೋಧನೆ ಸಿಕ್ಕಿತು. ಬಳಕೆಯಲ್ಲಿಲ್ಲದ 7,700ಕ್ಕೂ ಹೆಚ್ಚು ಅಕೌಂಟ್‌ಗಳ ಹಳೆಯ ಪಾಸ್‌ವರ್ಡ್‌ಗಳನ್ನು ಅವರು ಪರೀಕ್ಷಿಸಿದ್ದರು. ಹಳೆಯದು ಗೊತ್ತಿದ್ದರೆ ಹೊಸದನ್ನು ಊಹಿಸಬಹುದೇ ಎಂಬುದು ಪ್ರಶ್ನೆ. ಶೇ. 17ರಷ್ಟು ಅಕೌಂಟ್‌ಗಳಲ್ಲಿ ಐದು ಸಲದೊಳಗೆ ಊಹಿಸಲು ಆಯಿತು. ಡೈರಿಯ ಆ ಒಂಬತ್ತು ಸಾಲು ಮತ್ತೆ ಕಣ್ಣಮುಂದೆ ಬಂತು. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ಕೂಡ 2017ರ ಮಾರ್ಗಸೂಚಿಯಲ್ಲಿ ಹೇಳಿದ್ದು ಇದನ್ನೇ: ಸುಮ್ನೆ ದಿನ ಲೆಕ್ಕ ಹಾಕಿ ಪಾಸ್‌ವರ್ಡ್ ಬದಲಿಸಲು ಹೇಳಬೇಡಿ, ಸೋರಿಕೆಯಾಗಿದೆ ಅನ್ನಲು ಆಧಾರ ಇದ್ದಾಗ ಬದಲಿಸಿ. 2003ರಲ್ಲಿ ಅದೇ ಸಂಸ್ಥೆಯ ಹಳೆಯ ಸಲಹೆಗಳನ್ನು ಬರೆದಿದ್ದ ಬಿಲ್ ಬರ್ ಕೂಡ, ತಾವು ಬರೆದದ್ದಕ್ಕೆ ವಿಷಾದವಿದೆ ಅಂತ 2017ರಲ್ಲಿ ಹೇಳಿದ್ದರು.

ಆದರೂ ಬೇರೆಯವರ ಅಂಕಿಅಂಶ ಹಿಡಿದುಕೊಂಡು ಆಡಳಿತದ ಮುಂದೆ ಹೋಗಲು ಮನಸ್ಸಾಗಲಿಲ್ಲ. ನಮ್ಮ ಮನೆಯನ್ನೇ ಮೊದಲು ನೋಡೋಣ ಅಂತ ಲಿಖಿತ ಅನುಮತಿ ಪಡೆದೆ. ಇದನ್ನು ಒತ್ತಿ ಹೇಳುತ್ತೇನೆ. ಅನುಮತಿ ಪತ್ರ ಕೈಯಲ್ಲಿ ಇಲ್ಲದೆ ಯಾರೂ ಈ ಕೆಲಸಕ್ಕೆ ಕೈ ಹಾಕಬಾರದು. ನೆಟ್‌ವರ್ಕ್‌ಗೆ ಜೋಡಿಸದ ಒಂದು ಕಂಪ್ಯೂಟರ್‌ನಲ್ಲಿ ಆ್ಯಕ್ಟಿವ್ ಡೈರೆಕ್ಟರಿಯ (ಎಲ್ಲರ ಅಕೌಂಟ್ ಇರುವ ವಿಂಡೋಸ್ ದಾಖಲೆ) ಬ್ಯಾಕಪ್ ತೆರೆದು ಹ್ಯಾಶ್‌ಗಳನ್ನು, ಅಂದರೆ ಪಾಸ್‌ವರ್ಡ್ ಬದಲಿಗೆ ಕಂಪ್ಯೂಟರ್ ಇಟ್ಟುಕೊಳ್ಳುವ, ಹಿಂದಕ್ಕೆ ತಿರುಗಿಸಲಾಗದ ಗುರುತುಗಳನ್ನು ತೆಗೆದೆ. ಕೆಲಸ ಮುಗಿದ ಮೇಲೆ ಆ ಡಿಸ್ಕ್ ಪೂರ್ತಿ ಅಳಿಸಿದೆ.

ವಿಂಡೋಸ್‌ನ ಎನ್‌ಟಿ ಹ್ಯಾಶ್‌ಗೆ ಸಾಲ್ಟ್ ಇಲ್ಲ. ಅಂದರೆ ಹ್ಯಾಶ್ ಮಾಡುವ ಮುಂಚೆ ಪ್ರತಿಯೊಬ್ಬರ ಪಾಸ್‌ವರ್ಡ್‌ಗೂ ಬೇರೆ ಬೇರೆ ಅಂಕಿಗಳನ್ನು ಬೆರೆಸುವ ಕ್ರಮ ಅದರಲ್ಲಿಲ್ಲ. ಮಾರಿಸ್ ಮತ್ತು ಥಾಂಪ್ಸನ್ 1979ರಲ್ಲೇ ಯೂನಿಕ್ಸ್‌ಗೆ ಈ ಉಪಾಯ ವಿವರಿಸಿದ್ದರು ಅನ್ನುವುದನ್ನು ನೆನೆದರೆ ನನಗೆ ಇಂದಿಗೂ ಬೇಸರವಾಗುತ್ತದೆ. ಸಾಲ್ಟ್ ಇಲ್ಲದ್ದರಿಂದ ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೆ ಹ್ಯಾಶ್ ಕೂಡ ಒಂದೇ. ಒಂದೊಂದೇ ಪಾಸ್‌ವರ್ಡ್ ಊಹಿಸಿ ತಾಳೆ ನೋಡಿ ಹ್ಯಾಶ್ ಒಡೆಯುವ ಕೆಲಸವೇ ಬೇಡ, ಪಟ್ಟಿಯನ್ನು ವಿಂಗಡಿಸಿದರೆ ಸಾಕು, ಕಣ್ಣಿಗೆ ಕಾಣುತ್ತದೆ.

ನನಗೂ ಕಂಡಿತು. ಒಂದೇ ಹ್ಯಾಶ್ ಹನ್ನೊಂದು ಜನರ ಹೆಸರಿನ ಮುಂದೆ ಇತ್ತು. ಅದು ನಮ್ಮ ಹೆಲ್ಪ್‌ಡೆಸ್ಕ್ ರೀಸೆಟ್ ಮಾಡುವಾಗ ಕೊಡುತ್ತಿದ್ದ ತಾತ್ಕಾಲಿಕ ಪಾಸ್‌ವರ್ಡ್: ಸಂಸ್ಥೆಯ ಹೆಸರು, ಜೊತೆಗೆ ಆ ವರ್ಷ. ಮೊದಲ ಲಾಗಿನ್‌ನಲ್ಲೇ ಬದಲಿಸಲು ಹೇಳುವ ಟಿಕ್ ಒಂದು ಇರುತ್ತದೆ. ಹೊರಗಿನಿಂದ ಲಾಗಿನ್ ಆಗುವವರಿಗೆ ಅದರಿಂದ ತೊಂದರೆ ಅಂತ ಹುಡುಗರು ಆ ಟಿಕ್ ತೆಗೆದು ಕೊಡುತ್ತಿದ್ದರು. ಅವರದ್ದು ತಪ್ಪು ಅನ್ನಲಾರೆ. ಅಷ್ಟೊಂದು ರೀಸೆಟ್ ಅವರ ತಲೆಗೆ ಕಟ್ಟಿದ್ದು ನನ್ನ 45 ದಿನದ ನಿಯಮ. ಹಳೆಯ ಪಾಸ್‌ವರ್ಡ್‌ಗಳ ಹ್ಯಾಶ್‌ಗಳೂ ಡೈರೆಕ್ಟರಿಯಲ್ಲಿ ಉಳಿದಿರುತ್ತವೆ. ಅವನ್ನೂ ಒಡೆಯಲು ನೋಡಿದೆ. ಒಡೆದವುಗಳನ್ನು ಸಾಲಾಗಿ ಇಟ್ಟು ನೋಡಿದರೆ ಎಷ್ಟೋ ಜನರದ್ದು ಆ ಡೈರಿಯ ಪುಟದ ಹಾಗೇ ಇತ್ತು.

ಆಡಳಿತದವರ ಮುಂದೆ ಯಾರ ಹೆಸರೂ ಹೇಳದೆ ಇಷ್ಟನ್ನು ತೋರಿಸಿದೆ. ಆಡಿಟರ್ ಪಟ್ಟಿಯಲ್ಲಿ ಇನ್ನೂ ಪಾಸ್‌ವರ್ಡ್ ಅವಧಿಯ ಪ್ರಶ್ನೆ ಇದೆಯಲ್ಲ ಅಂತ ಕೇಳಿದರು. ನಿಸ್ಟ್ ಮಾರ್ಗಸೂಚಿ ಜೊತೆಗಿಟ್ಟು ಕಾರಣ ಬರೆದುಕೊಟ್ಟೆ, ಒಪ್ಪಿದರು. ಆದರೆ ಕಾರ್ಡ್ ಪಾವತಿಯ ವ್ಯವಸ್ಥೆ ಇರುವವರು ಪಿಸಿಐ (ಕಾರ್ಡ್ ಉದ್ಯಮದ ಭದ್ರತಾ ಮಾನದಂಡ) ನಿಯಮವನ್ನು ಬೇರೆಯಾಗಿ ಓದಿಕೊಳ್ಳಬೇಕು. ಬರೀ ಪಾಸ್‌ವರ್ಡ್ ಒಂದೇ ಇರುವ ಕಡೆ ಅವಧಿಯ ಮಾತು ಅದರಲ್ಲಿ ಇನ್ನೂ ಇದೆ.

ಕೆಲಸದ ಕ್ರಮ ಮುಖ್ಯ. ಅವಧಿಯನ್ನು ಮೊದಲೇ ತೆಗೆದರೆ ಇರುವ ದುರ್ಬಲ ಪಾಸ್‌ವರ್ಡ್‌ಗಳೇ ಶಾಶ್ವತವಾಗಿ ಉಳಿದುಬಿಡುತ್ತವೆ. ಅದಕ್ಕೇ ಮೊದಲು ಸೋರಿಕೆಯಾದ ಪಾಸ್‌ವರ್ಡ್‌ಗಳ ತಡೆಪಟ್ಟಿ ಹಾಕಿದೆ. ಟ್ರಾಯ್ ಹಂಟ್ ನಡೆಸುವ ಹ್ಯಾವ್ ಐ ಬೀನ್ ಪೋನ್ಡ್ ಜಾಲತಾಣದ ಸೋರಿಕೆ ಸಂಗ್ರಹ ಎನ್‌ಟಿ ಹ್ಯಾಶ್ ರೂಪದಲ್ಲೂ ಸಿಗುತ್ತದೆ. ಅದನ್ನು ಇಳಿಸಿಕೊಂಡು ಪ್ರತಿ ಡೊಮೇನ್ ಕಂಟ್ರೋಲರ್‌ನಲ್ಲೂ (ಲಾಗಿನ್ ಪರಿಶೀಲಿಸುವ ಸರ್ವರ್) ಫಿಲ್ಟರ್ ಇಟ್ಟೆ. ಸಂಸ್ಥೆಯ ಹೆಸರನ್ನೂ ಪಟ್ಟಿಗೆ ಸೇರಿಸಿದೆ. ಒಂದು ತೊಡಕು ಬಂತು. ಫಿಲ್ಟರ್ ತಿರಸ್ಕರಿಸಿದರೆ ವಿಂಡೋಸ್ ಅದೇ ಹಳೆಯ ಸಂದೇಶ ತೋರಿಸುತ್ತದೆ, ನಿಯಮಕ್ಕೆ ಹೊಂದುತ್ತಿಲ್ಲ ಅಂತ. ಯಾಕೆ ಅಂತ ಹೇಳುವುದಿಲ್ಲ. ಜನ ಇನ್ನೊಂದು ಚಿಹ್ನೆ ಸೇರಿಸಿ, ಇನ್ನೊಂದು ಅಂಕಿ ಸೇರಿಸಿ ಸುಸ್ತಾದರು. ಕೊನೆಗೆ ಅರ್ಧ ಪುಟದ ವಿವರಣೆ ಪ್ರಿಂಟ್ ಮಾಡಿ ಎಲ್ಲರ ಮೇಜಿಗೆ ತಲುಪಿಸಿದೆ.

ಕನಿಷ್ಠ ಉದ್ದ 14 ಮಾಡಿದೆ, ಚಿಹ್ನೆ-ಅಂಕಿಯ ಕಡ್ಡಾಯ ತೆಗೆದೆ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಕನ್ನಡ ಪದ ಆರಿಸಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಅಂತ ಹೇಳಿಕೊಟ್ಟೆ. ಏಣಿ, ಮುಂಗುಸಿ, ಕಿಟಕಿ, ಕೊಡೆ ಅನ್ನುವ ಹಾಗೆ. (ಇದನ್ನೇ ಇಟ್ಟುಕೊಳ್ಳಬೇಡಿ.) ಒಂದೇ ಪದವನ್ನು ಒಬ್ಬೊಬ್ಬರು ಒಂದೊಂದು ಥರ ಇಂಗ್ಲಿಷ್‌ನಲ್ಲಿ ಬರೆಯುತ್ತಾರೆ, ಊಹಿಸುವವನಿಗೆ ಅದೂ ಒಂದು ಅಡ್ಡಿ. ಡೈರಿಯ ಮೇಡಂಗೆ ಇದು ಬೇಗ ಹಿಡಿಸಿತು. ಬರೆದಿಡಲೇಬೇಕು ಅನ್ನಿಸಿದರೆ ಬರೆದು ಡ್ರಾಯರ್‌ಗೆ ಬೀಗ ಹಾಕಿ ಅಂತ ನಾನೇ ಹೇಳಿದೆ. ಇಂಟರ್‌ನೆಟ್‌ನಲ್ಲಿ ಕೂತು ದಾಳಿ ಮಾಡುವವನ ಕೈ ಆ ಡ್ರಾಯರ್‌ವರೆಗೆ ಬರುವುದಿಲ್ಲ.

ಆಮೇಲೆ ಎರಡನೇ ಹಂತ, ಆಥೆಂಟಿಕೇಟರ್ ಆ್ಯಪ್. 30 ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿ ಕೋಡ್. ಒಬ್ಬರದ್ದು ಮಾತ್ರ ಎಷ್ಟು ಸಲ ಹಾಕಿದರೂ ತಪ್ಪು ಅನ್ನುತ್ತಿತ್ತು. ಅರ್ಧ ದಿನ ಹುಡುಕಿದೆ. ಕೊನೆಗೆ ಅವರ ಫೋನ್ ಕೈಗೆ ತೆಗೆದುಕೊಂಡು ನೋಡಿದರೆ ಗಡಿಯಾರ ಐದು ನಿಮಿಷ ಮುಂದಿತ್ತು. ತಡವಾಗಬಾರದು ಅಂತ ಅವರೇ ಮುಂದಿಟ್ಟಿದ್ದರು. ಕೋಡ್ ಹುಟ್ಟುವುದೇ ರಹಸ್ಯ ಕೀ ಮತ್ತು ಸಮಯ ಎರಡರಿಂದ, ಸಮಯ ತಪ್ಪಿದರೆ ಕೋಡ್ ತಪ್ಪುತ್ತದೆ. ಈಗ ಆ್ಯಪ್ ಹಾಕಿಕೊಡುವಾಗ ನಾವು ಮೊದಲು ನೋಡುವುದು ಗಡಿಯಾರ. ಅಡ್ಮಿನ್‌ಗಳಿಗೆ ಮತ್ತು ಹಣ ಕಳಿಸುವ ಅಧಿಕಾರ ಇರುವವರಿಗೆ ಫಿಡೋ ಭದ್ರತಾ ಕೀ, ಅಂದರೆ ಲಾಗಿನ್‌ಗೆ ಬಳಸುವ ಒಂದು ಚಿಕ್ಕ ಸಾಧನ ಕೊಟ್ಟೆವು. ಆರಂಕಿ ಕೋಡನ್ನು ನಕಲಿ ಪುಟದಲ್ಲಿ ಟೈಪ್ ಮಾಡಿಬಿಡಬಹುದು. ಈ ಕೀ ನಿಜವಾದ ವಿಳಾಸಕ್ಕೆ ಮಾತ್ರ ಉತ್ತರ ಕೊಡುತ್ತದೆ.

ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಹೆಲ್ಪ್‌ಡೆಸ್ಕಿಗೆ ಒಂದು ಕರೆ ಬಂತು. ಮ್ಯಾನೇಜರ್ ಒಬ್ಬರ ಹೆಸರು ಹೇಳಿ, ಪ್ರಯಾಣದಲ್ಲಿದ್ದೇನೆ, ಫೋನ್ ಕಳೆದಿದೆ, ಆ ಕೋಡ್ ಕೇಳುವುದನ್ನು ಸ್ವಲ್ಪ ಹೊತ್ತು ತೆಗೆಯಿರಿ ಅಂದರು. ನಮ್ಮ ಹುಡುಗ ತೆಗೆಯಲು ಹೊರಟಿದ್ದ. ಏನೋ ಅನುಮಾನ ಬಂದು ಎಚ್‌ಆರ್ ಕಡತದಲ್ಲಿದ್ದ ನಂಬರಿಗೆ ಕರೆ ಮಾಡಿದ. ಮ್ಯಾನೇಜರ್ ಮೇಲಿನ ಮಹಡಿಯಲ್ಲಿ ಮೀಟಿಂಗ್‌ನಲ್ಲಿದ್ದರು. ಕೋಟೆ ಕಟ್ಟಿ ದಿಡ್ಡಿ ಬಾಗಿಲು ತೆರೆದಿಟ್ಟ ಹಾಗಾಗಿತ್ತು. ಅವತ್ತಿನಿಂದ ಎಂಥ ಅವಸರ ಇದ್ದರೂ ಕಡತದ ನಂಬರಿಗೆ ನಾವೇ ಕರೆ ಮಾಡುತ್ತೇವೆ, ಅವರ ಮೇಲಧಿಕಾರಿಯನ್ನು ಕೇಳುತ್ತೇವೆ, ಒಂದು ದಿನಕ್ಕೆ ಮಾತ್ರ ನಡೆಯುವ ಕೋಡ್ ಕೊಡುತ್ತೇವೆ. ಅಂದು ಆ ಹುಡುಗನ ಬೆನ್ನು ತಟ್ಟಿದ್ದು ನನಗೆ ಇನ್ನೂ ನೆನಪಿದೆ.

ಕೊನೆಗೆ ಅವಧಿ ತೆಗೆಯುವ ದಿನ ಬಂತು. ಕೆಲಸ ಬಿಟ್ಟು ಹೋದವರ ಅಕೌಂಟ್ ಅವಧಿ ಮುಗಿದು ತಾನಾಗೇ ಸಾಯುತ್ತಿತ್ತಲ್ಲ, ಇನ್ನು ಹೇಗೆ ಅಂತ ಒಬ್ಬರು ಕೇಳಿದರು. ಸಾಯುತ್ತಿರಲಿಲ್ಲ. ಹಳೆಯ ಪಾಸ್‌ವರ್ಡ್ ಗೊತ್ತಿರುವವರು ಹೊಸದು ಇಟ್ಟುಕೊಂಡು ಒಳಗೆ ಬರಬಹುದಿತ್ತು. ಎಚ್‌ಆರ್ ಪಟ್ಟಿಯನ್ನೂ ಡೈರೆಕ್ಟರಿಯನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಓದಿದೆ, ಜೀವಂತ ಇದ್ದ ಅಂಥ ಅಕೌಂಟ್‌ಗಳನ್ನೆಲ್ಲ ಮುಚ್ಚಿದೆ. ಈಗ ಕೊನೆಯ ದಿನದ ಸಹಿ ಹಾಕುವ ಫಾರಂನಲ್ಲೇ ನಮ್ಮ ವಿಭಾಗಕ್ಕೂ ಒಂದು ಸಾಲು ಇದೆ.

ಸೋಮವಾರದ ರೀಸೆಟ್ ಈಗ ಬೆರಳೆಣಿಕೆಯಷ್ಟು. ಉಳಿದಿರುವುದು ಗೋದಾಮಿನ ಕಂಪ್ಯೂಟರ್. ಮೂರು ಪಾಳಿಯವರು ಒಂದೇ ಅಕೌಂಟ್ ಬಳಸುತ್ತಾರೆ. ಕೈಗವಸು ಹಾಕಿಕೊಂಡು ಓಡಾಡುವವರಿಗೆ ಪ್ರತಿ ಸಲ 14 ಅಕ್ಷರ ಟೈಪ್ ಮಾಡಿ ಅನ್ನುವುದು ನ್ಯಾಯವಲ್ಲ. ಕಾರ್ಡ್ ತಾಗಿಸಿ ಲಾಗಿನ್ ಆಗುವ ಒಂದು ರೀಡರ್ ತರಿಸಿದ್ದೇನೆ. ರಾತ್ರಿ ಪಾಳಿಯ ಇಬ್ಬರು ಪ್ರಯತ್ನಿಸಿ ನೋಡಲು ಒಪ್ಪಿದ್ದಾರೆ. ಮೊದಲ ವಾರ ನಾನೂ ಅವರ ಜೊತೆ ಅಲ್ಲೇ ಇರುತ್ತೇನೆ.