ಮೂರು ಜಿಲ್ಲೆಯ ಮಳೆ ಲೆಕ್ಕ ಒಂದೇ ಹಾಳೆಗೆ ಬಂತು: ನನ್ನ ಅನುಭವ

"ಸಾಹೇಬ್ರ, ಮೂರು ಜಿಲ್ಲೆ ಲೆಕ್ಕ ಒಂದ್ ಆಗೂದಲ್ರಿ." ಐದು ವರ್ಷದ ಹಿಂದೆ ಬೀದರಿನ ಹಿರಿಯರೊಬ್ಬರು ನನಗೆ ಹೇಳಿದ ಮಾತು ಇದು. ಈಗ ಕಲಬುರಗಿ, ಬೀದರ್, ಯಾದಗಿರಿಯ ಹನ್ನೊಂದು ಜಾಗದ ಮಳೆ ಮತ್ತು ಬಾವಿ ನೀರಿನ ಮಟ್ಟ ಒಂದೇ ಫೈಲಿನಲ್ಲಿದೆ. ಸುಮಾರು 30 ವರ್ಷದ್ದು. ಮೊನ್ನೆ ಅವರೇ ಫೋನ್ ಮಾಡಿ ಅದನ್ನು ಕೇಳಿದರು. ನನಗೆ ಬಹಳ ಖುಷಿಯಾಯಿತು.

ಮೊದಲು ದುಡ್ಡು ಹೋದ ಕಥೆ. ಒಂದು ಕಂಪನಿಯ ಸಾಫ್ಟ್‌ವೇರ್ ತಗೊಂಡೆವು, ಒಂದೂಮುಕ್ಕಾಲು ಲಕ್ಷದ ಹತ್ತಿರ ಬಿತ್ತು. ಎಲ್ಲರೂ ಬೆಳಿಗ್ಗೆ ಲಾಗಿನ್ ಆಗಿ ಅಂಕಿ ತುಂಬಬೇಕು. ಜೋರು ಮಳೆಯ ದಿನವೇ ಕರೆಂಟೂ ಇರೋದಿಲ್ಲ, ನೆಟ್‌ವರ್ಕೂ ಇರೋದಿಲ್ಲ. ಖಾಲಿ ಬಿಟ್ಟ ದಿನವನ್ನು ಅದು ತಾನಾಗಿಯೇ 0 ಮಾಡುತ್ತಿತ್ತು. ಅಳೆಯದ ದಿನ ಬೇರೆ, ಮಳೆ ಬಾರದ ದಿನ ಬೇರೆ ಅಲ್ವಾ? ಎರಡು ಮುಂಗಾರಿನ ಲೆಕ್ಕ ಹಾಳಾಯಿತು.

ಮತ್ತೆ ನೋಟ್‌ಬುಕ್ಕಿಗೇ ಬಂದೆ. ಬರೆದ ಪುಟದ ಫೋಟೋ ತೆಗೆಯಿರಿ, ನೆಟ್‌ವರ್ಕ್ ಸಿಕ್ಕಾಗ ಕಳಿಸಿ, ಅಷ್ಟೇ. ಟೈಪ್ ಮಾಡಲು ಇಲ್ಲಿ ಒಬ್ಬ ಹುಡುಗಿ, ತಿಂಗಳಿಗೆ ಆರು ಸಾವಿರ. ಟೈಪ್ ಆದ ಹಾಳೆಯನ್ನು ಯಾರೂ ಮುಟ್ಟುವಂತಿಲ್ಲ. ತಿದ್ದುಪಡಿ, ಅದರ ಕಾರಣ ಎರಡೂ ಬೇರೆ ಹಾಳೆಯಲ್ಲಿ.

ಅತಿ ಜಾಸ್ತಿ ಕಾಡಿದ್ದು ತಾರೀಖು. ಬೆಳಿಗ್ಗೆ 8:30ಕ್ಕೆ ಅಳೆದದ್ದನ್ನು ಆ ದಿನಕ್ಕೇ ಬರೆಯಬೇಕು. ಒಂದು ಕಡೆ ಹಿಂದಿನ ದಿನಕ್ಕೆ ಬರೆಯುತ್ತಿದ್ದರು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದ ಆ ಮಳೆಯ ಸಾಲುಗಳನ್ನು ಅಕ್ಕಪಕ್ಕ ಇಟ್ಟಾಗ ಇದು ಗೊತ್ತಾಯಿತು. ಆದರೆ ಈ ತಪ್ಪು ಯಾವ ವರ್ಷದಿಂದ ಶುರುವಾಯಿತು? ಅದನ್ನು ಹಿಡಿಯಲು ನನ್ನದೇ ಒಂದು ಉಪಾಯವಿದೆ. ಬಂದವರಿಗೆ ಕೂತು ತೋರಿಸುತ್ತೇನೆ, ಇಲ್ಲಿ ಬರೆಯೋದಿಲ್ಲ.

ಯಾದಗಿರಿ ಕಡೆಯ ಒಂದು ಜಾಗದಲ್ಲಿ ಮೂರು ವರ್ಷ ಮಳೆ ಸರಿಯಾಗಿ ದುಪ್ಪಟ್ಟು ಬಂದಿತ್ತು. ಹೋಗಿ ನೋಡಿದರೆ ಮಳೆ ಮಾಪಕದ ಬಾಯಿ 200 ಚದರ ಸೆಂ.ಮೀ., ಅಳತೆ ಗಾಜು 100 ಚದರ ಸೆಂ.ಮೀ. ಬಾಯಿಯ ಮಾಪಕದ್ದು. ಹಳೆಯ ಗಾಜು ಒಡೆದಾಗ ಸಿಕ್ಕಿದ್ದನ್ನು ತಂದಿದ್ದರು. ಅರ್ಧ ಮಾಡಿ ಟಿಪ್ಪಣಿ ಹಾಕಿದೆ. ಬಾವಿಗಳದ್ದು ಸುಲಭ. ಕೆಲವರು ಕಟ್ಟೆಯ ಮೇಲಿಂದ ಟೇಪ್ ಬಿಟ್ಟಿದ್ದರು, ಕಟ್ಟೆಯ ಎತ್ತರ ಕಳೆದರೆ ಮುಗಿಯಿತು.

ಬೀದರಿನಲ್ಲಿ ನಿಜಾಮರ ಕಾಲದ ಒಂದು ರಿಜಿಸ್ಟರ್ ಸಿಕ್ಕಿತು. ಉರ್ದು ಅಂಕಿ, ಇಂಚಿನ ಲೆಕ್ಕ, ಫಸಲಿ ವರ್ಷ (ಆಗಿನ ಕಂದಾಯದ ವರ್ಷ). ಉರ್ದು ಬಲ್ಲ ನಿವೃತ್ತ ಮೇಷ್ಟ್ರೊಬ್ಬರು ವಾರಗಟ್ಟಲೆ ಕೂತು ಓದಿಕೊಟ್ಟರು, ಒಂದು ರೂಪಾಯಿ ಮುಟ್ಟಲಿಲ್ಲ. ಇಂಚನ್ನು ಮಿ.ಮೀ. ಮಾಡಲು 25.4ರಿಂದ ಗುಣಿಸಿದೆ. ಫಸಲಿಯನ್ನು ಇಸವಿ ಮಾಡಲು ಸುಮ್ನೆ 590 ಕೂಡಿಸಿದೆ. ಮುಂಗಾರು ಪೂರ್ತಿ ಒಂದು ವರ್ಷ ಹಿಂದೆ ಹೋಯಿತು! ಹೈದರಾಬಾದಿನ ಫಸಲಿ ಶುರುವಾಗೋದೇ ಅಕ್ಟೋಬರಿನಲ್ಲಿ. 1350 ಫಸಲಿ ಎಂದರೆ 1940-41, ಅದರ ಜೂನ್ ಬರೋದು 1941ರಲ್ಲಿ. ಜನವರಿಯಿಂದ 591 ಕೂಡಿಸಬೇಕು.

ನಡುವೆ ಇನ್ನೊಂದು ಹುಚ್ಚು ಹತ್ತಿತು. ನಮ್ಮ ಕಲಬುರಗಿಯ ಎರೆ ಭೂಮಿಯಲ್ಲಿ ಮಾಪಕದ ಕಂಬ ಪ್ರತಿ ಬೇಸಿಗೆ ವಾಲುತ್ತದೆ. ಮೇ ತಿಂಗಳಲ್ಲಿ ತೊಗರಿ ಹೊಲದ ಬಿರುಕಿಗೆ ತಂತಿ ಇಳಿಸಿ ಅಳೆಯತೊಡಗಿದೆ. ಒಂದು ಕಡೆ ಮೊಳಕಾಲುದ್ದ ಇಳಿಯಿತು. ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಹೀಗಿಲ್ಲ, ನೀರು ಬೇಗ ಇಳಿಯುತ್ತದೆ. ಬಹಮನಿಗಳು ಕರೇಜ್ (ನೆಲದಡಿಯ ನೀರಿನ ಸುರಂಗ) ತೋಡಿದ್ದು ಇಂಥ ಕಲ್ಲಿನಲ್ಲೇ. ನಮ್ಮ ಫೈಲಿನಲ್ಲೂ ಒಳ್ಳೆಯ ಮಳೆಯಾದ ವಾರದೊಳಗೆ ಅಲ್ಲಿನ ಬಾವಿಗಳು ಏರುತ್ತವೆ. ನಮ್ಮವು ಏರಲು ತಿಂಗಳು ಬೇಕು. ಎರಡೂ ಕಡೆಯ ಅಂಕಿ ಅಕ್ಕಪಕ್ಕ ಬರುವ ತನಕ ನನಗಿದು ಕಂಡಿರಲಿಲ್ಲ.

ಜನ ಅಂಕಿ ಕೊಡಲು ಹೆದರುತ್ತಾರೆ. ತಪ್ಪು ಹೊರಗೆ ಬೀಳುತ್ತದೆ, ಬೇರೆಯವರು ಅದರ ಮೇಲೆ ಸಂಶೋಧನಾ ಪೇಪರ್ ಬರೆದುಬಿಡುತ್ತಾರೆ ಎಂಬ ಭಯ. ಆರು ಪತ್ರ ಬರೆದೆ, ಉತ್ತರ ಬರಲಿಲ್ಲ. ಕೊನೆಗೆ ನಮ್ಮ ಕೇಂದ್ರದ ಪೂರ್ತಿ ಲೆಕ್ಕವನ್ನು ನಾನೇ ಮೊದಲು ಕಳಿಸಿದೆ, ನಮ್ಮ ತಪ್ಪುಗಳಿಗೆ ಕೆಂಪು ಬಣ್ಣ ಹಚ್ಚಿ. ಪ್ರತಿ ಸಾಲಿನಲ್ಲೂ ಅಳೆದವರ ಹೆಸರು ಇಟ್ಟೆ. ಹದಿನೈದು ದಿನದಲ್ಲಿ ನಾಲ್ಕು ಕಡೆಯಿಂದ ರಿಜಿಸ್ಟರ್ ಬಂತು.