ಬೀಡಿ-ಸಿಗರೇಟು ಬಿಡುವಾಗ ಮೊಬೈಲಿನ ವೇಪ್ ರೀಲ್ಸನ್ನೂ ಬಿಡಿಸಿಕೊಳ್ಳುವುದು ಹೇಗೆ

ಸಿಗರೇಟು ಬಿಡಬೇಕೆಂದವರು ಪ್ಯಾಕೆಟ್ ಬಿಸಾಡುತ್ತಾರೆ, ಪಾನ್ ಶಾಪ್ ಇರುವ ದಾರಿ ಬಿಟ್ಟು ಹೋಗುತ್ತಾರೆ. ಮೊಬೈಲ್ ಮಾತ್ರ ನೆನಪಾಗುವುದಿಲ್ಲ. ತೋರಣಗಲ್ಲಿನ ರಾತ್ರಿ ಪಾಳಿಯಲ್ಲೋ, ಗಂಗಾವತಿಯ ರೈಸ್ ಮಿಲ್ಲಿನಲ್ಲೋ ಬಿಡುವು ಸಿಕ್ಕಾಗ ಬೆರಳು ರೀಲ್ಸ್ ಕಡೆಗೇ ಹೋಗುತ್ತದೆ, ಅಲ್ಲಿ ಯಾರೋ ವೇಪ್ (ಬ್ಯಾಟರಿಯಿಂದ ನಡೆಯುವ ಇ-ಸಿಗರೇಟು) ಸೇದಿ ಹೊಗೆ ಬಿಡುತ್ತಿರುತ್ತಾರೆ.

ಆ ಹೊಗೆ ಸುಮ್ಮನೆ ಹೋಗುವುದಿಲ್ಲ. ಅಮೆರಿಕದಲ್ಲಿ 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವೇಪ್ ಸೇದುವ ದೃಶ್ಯವಿದ್ದ ಜಾಹೀರಾತು ನೋಡಿದ ನಿತ್ಯ ಧೂಮಪಾನಿಗಳಿಗೆ ಸಿಗರೇಟಿನ ತಲಬು ಹೆಚ್ಚಿತು. ಬಿಟ್ಟವರಲ್ಲಿ ದೂರ ಉಳಿಯುವ ನಿರ್ಧಾರ ಸಡಿಲವಾಯಿತು. ಜಾಹೀರಾತು ಹೆಚ್ಚು ನೋಡಿದವರಲ್ಲಿ ವೇಪ್ ಬಳಕೆಯೂ ಹೆಚ್ಚು ಎಂದು ಸಮೀಕ್ಷೆಗಳು ಹೇಳುತ್ತವೆ. ಆದರೆ ಸೇದುವವರ ಕಣ್ಣಿಗೇ ಅವು ಹೆಚ್ಚು ಬೀಳುವುದರಿಂದ, ಯಾವುದರಿಂದ ಯಾವುದು ಎಂದು ಸಮೀಕ್ಷೆಯೊಂದರಿಂದಲೇ ತೀರ್ಮಾನಿಸಲಾಗದು.

ಮೊದಲು ಫೋನ್. ವೇಪ್ ವಿಡಿಯೊ ಬಂದ ಕೂಡಲೇ ಮೂರು ಚುಕ್ಕೆ ಒತ್ತಿ ‘ನಾಟ್ ಇಂಟರೆಸ್ಟೆಡ್’ ಆರಿಸಿ. ಪೂರ್ತಿ ನೋಡಿ ಆಮೇಲೆ ಒತ್ತಬೇಡಿ, ಬೈಯುವ ಕಾಮೆಂಟನ್ನೂ ಹಾಕಬೇಡಿ. ನೋಡಿದ ಹೊತ್ತು, ಹಾಕಿದ ಕಾಮೆಂಟು ಎರಡೂ ಆಸಕ್ತಿಯ ಲೆಕ್ಕಕ್ಕೇ ಸೇರುತ್ತವೆ. ಮಾರುವ ಖಾತೆಯಾದರೆ ಸ್ಕ್ರೀನ್‌ಶಾಟ್ ತೆಗೆದು, ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ.

‘ನಿಕೋಟಿನ್ ಇಲ್ಲ, ಬರೀ ಫ್ಲೇವರ್’ ಎಂಬ ಮಾತಿಗೆ ಮರುಳಾಗಬೇಡಿ. 2019ರ ಕಾಯ್ದೆಯ ಪ್ರಕಾರ ನಿಕೋಟಿನ್ ಇರಲಿ, ಇಲ್ಲದಿರಲಿ, ಇ-ಸಿಗರೇಟಿನ ಮಾರಾಟವೂ ಜಾಹೀರಾತೂ ಅಪರಾಧ. ಮೊದಲ ಸಲಕ್ಕೆ 1 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ದೂರನ್ನು ಪೊಲೀಸ್ ಠಾಣೆಗೇ ಕೊಡಬಹುದು: ಸಬ್ ಇನ್‌ಸ್ಪೆಕ್ಟರ್ ದರ್ಜೆಯಿಂದ ಮೇಲಿನವರಿಗೆ ಶೋಧಿಸಿ ವಶಪಡಿಸಿಕೊಳ್ಳುವ ಅಧಿಕಾರವಿದೆ.

‘ಸಿಗರೇಟು ಬಿಡಲು ವೇಪ್’ ಎನ್ನುವವರಲ್ಲಿ ಅನೇಕರು ಕೊನೆಗೆ ಎರಡನ್ನೂ ಹಿಡಿಯುತ್ತಾರೆ. ಕೋಣೆಯಲ್ಲಿ ವೇಪ್, ಚಹಾದಂಗಡಿಯಲ್ಲಿ ಸಿಗರೇಟು. ವೇಪ್‌ಗೆ ಸಿಕ್ಕಿಸುವ, ಶೇ. 5ರ ನಿಕೋಟಿನ್ ದ್ರವವಿರುವ 2 ಮಿ.ಲೀ. ಪುಟ್ಟ ಡಬ್ಬಿಯಲ್ಲಿ (ಪಾಡ್) ಸುಮಾರು 100 ಮಿ.ಗ್ರಾಂ. ನಿಕೋಟಿನ್ ಇರುತ್ತದೆ. ಒಂದು ಸಿಗರೇಟಿನಿಂದ ದೇಹಕ್ಕೆ ಸೇರುವುದು 1ರಿಂದ 2 ಮಿ.ಗ್ರಾಂ. ಅಷ್ಟೇ.

ತಲಬಿಗೆ ಮೆಡಿಕಲ್ ಶಾಪಿನ 2 ಮಿ.ಗ್ರಾಂ. ನಿಕೋಟಿನ್ ಗಮ್ ಇದೆ. ಎದ್ದ ಅರ್ಧ ಗಂಟೆಯೊಳಗೇ ಸೇದುವವರಿಗೆ 4 ಮಿ.ಗ್ರಾಂ. ಬೇಕಾಗಬಹುದು, ಅದನ್ನು ವೈದ್ಯರನ್ನು ಕೇಳಿಯೇ ತೊಗೊಳ್ಳಿ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು 2 ಮಿ.ಗ್ರಾಂ.ಗೂ ಮೊದಲು ಕೇಳಬೇಕು. ಬಬಲ್ ಗಮ್‌ನಂತೆ ಜಗಿದರೆ ನಿಕೋಟಿನ್ ಹೊಟ್ಟೆಗಿಳಿದು ಬಿಕ್ಕಳಿಕೆ, ವಾಕರಿಕೆ ಬರುತ್ತದೆ. ನಿಧಾನ ಜಗಿದು, ಖಾರ ಚುರುಕು ಹತ್ತಿದಾಗ ಕೆನ್ನೆ-ಒಸಡಿನ ನಡುವೆ ಇಟ್ಟುಕೊಳ್ಳಿ. ಚುರುಕು ಇಳಿದರೆ ಮತ್ತೆ ಜಗಿಯಿರಿ. ಹೀಗೆ ಅರ್ಧ ಗಂಟೆ. ಮೊದಲ 6 ವಾರ 1-2 ಗಂಟೆಗೊಂದು, ಆಮೇಲೆ ಇಳಿಸುತ್ತಾ 12 ವಾರಕ್ಕೆ ಮುಗಿಸಿ.

ನಮ್ಮ ಕಡೆ ಇದು ಕೆಡುವುದೇ ಒಗ್ಗರಣೆ-ಮಿರ್ಚಿ ಮುಗಿಸಿ ಚಹಾ ಕುಡಿಯುವ ಹೊತ್ತಿಗೆ. ಚಹಾ, ಕಾಫಿ, ನಿಂಬೆ ಸೋಡಾ ಬಾಯಲ್ಲಿದ್ದರೆ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ, ‘ಗಮ್ ಕೆಲಸ ಮಾಡಲಿಲ್ಲ’ ಎಂದು ಮತ್ತೆ ಬೀಡಿ ಹಚ್ಚುತ್ತಾರೆ. ಕುಡಿದ 15 ನಿಮಿಷದ ನಂತರವೇ ಗಮ್ ಹಾಕಿ. ಕೈ ಜಾರುವಂತಿದ್ದರೆ ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ, ದುಡ್ಡು ಕೊಡಬೇಕಿಲ್ಲ.