ಬ್ರೌಸರ್ ಮರೆಯದ 301

“ಏನಮ್ಮಾ, ನನ್ನ ಪಾಠದ ಪುಟ ನನಗೇ ತೆರೆಯುತ್ತಿಲ್ಲವಲ್ಲ?” ಎಂದು ಮೇಷ್ಟ್ರು ಬೆಳಿಗ್ಗೆ ಎದ್ದ ಕೂಡಲೇ ಫೋನ್ ಮಾಡಿದರು. ಹಿಂದಿನ ರಾತ್ರಿಯಷ್ಟೇ ಅವರ ಜಾಲತಾಣವನ್ನು ಹಳೆಯ ಹೋಸ್ಟಿಂಗ್ ಸಂಸ್ಥೆಯಿಂದ ಹೊಸದಕ್ಕೆ ಸಾಗಿಸಿ ಮಲಗಿದ್ದೆ. ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು ಅವರು. ನಿವೃತ್ತರಾದ ಮೇಲೆ ಬಿಡಿಸಿದ ಲೆಕ್ಕಗಳನ್ನು ಒಂದೊಂದಾಗಿ ತಾಣಕ್ಕೆ ಹಾಕುತ್ತಾ ಬಂದಿದ್ದಾರೆ, ಪರೀಕ್ಷೆ ಹತ್ತಿರ ಬಂದರೆ ಮಕ್ಕಳು ಅದನ್ನೇ ನೆಚ್ಚಿಕೊಂಡಿರುತ್ತಾರೆ. ಅಲ್ಲಿ ಒಂದು ದಿನ ಪುಟ ತೆರೆಯದಿದ್ದರೂ ನನಗೆ ಸಮಾಧಾನವಿರುವುದಿಲ್ಲ.

ನಾನು ನೋಡಿದಾಗ ಪುಟ ಚೆನ್ನಾಗಿಯೇ ತೆರೆಯಿತು. ಹೋಸ್ಟಿಂಗ್‌ನವರನ್ನು ಕೇಳಿದೆ, “ನಮ್ಮ ಕಡೆ ಸರಿಯಾಗಿದೆ, ತೊಂದರೆ ನಿಮ್ಮ ಬ್ರೌಸರ್‌ನದು” ಎಂಬ ಉತ್ತರ ಬಂತು. ಮೇಷ್ಟ್ರು ಅದೇ ಲ್ಯಾಪ್‌ಟಾಪ್‌ನಲ್ಲಿ ಎಂದೂ ಬಳಸದಿದ್ದ ಇನ್ನೊಂದು ಬ್ರೌಸರ್ ತೆರೆದು ನೋಡಿದರು. ಅಲ್ಲಿ ತಾಣ ಬಂತು. ದಿನವೂ ಬಳಸುವ ಬ್ರೌಸರ್‌ನಲ್ಲಿ ಮಾತ್ರ ರೀಡೈರೆಕ್ಟ್‌ಗಳು, ಅಂದರೆ ಒಂದು ವಿಳಾಸದಿಂದ ಇನ್ನೊಂದಕ್ಕೆ ಕಳುಹಿಸುವ ಸೂಚನೆಗಳು, ಅತಿಯಾದವು ಎಂಬ ಸಂದೇಶ. ಇಷ್ಟಾದ ಮೇಲೆ ಯಾರಿಗಾದರೂ ಆ ಬ್ರೌಸರ್ ಕೆಟ್ಟಿದೆ ಎಂದೇ ಅನ್ನಿಸುತ್ತದೆ. ನನಗೂ ಅರ್ಧ ದಿನ ಹಾಗೆಯೇ ಅನ್ನಿಸಿತ್ತು.

ಮೊದಲು ಕರ್ಲ್ ಬಳಸಿ ಪರಿಶೀಲಿಸಿದೆ, ಅದು ಆದೇಶ ಬರೆದು ತಾಣದ ವಿಳಾಸ ಕೇಳುವ ತಂತ್ರಾಂಶ. ಆ ಆದೇಶಕ್ಕೆ ದೊಡ್ಡಕ್ಷರದ ‘ಐ’ ಸೇರಿಸಿದರೆ ಪುಟದ ಒಡಲು ಬರುವುದಿಲ್ಲ, ಸರ್ವರ್ ಪುಟಕ್ಕೆ ಮುಂಚೆ ಕಳುಹಿಸುವ ಸೂಚನೆಯ ಸಾಲುಗಳು, ಅಂದರೆ ಹೆಡರ್‌ಗಳಷ್ಟೇ ಬರುತ್ತವೆ. ಮೂರು ಡಬ್ಲ್ಯು ಇರುವ ವಿಳಾಸ ಕೇಳಿದಾಗ ಮೊದಲ ಸಾಲಿನಲ್ಲಿ 301, ಅಂದರೆ ಬೇರೆ ವಿಳಾಸಕ್ಕೆ ಹೋಗು ಎಂಬ ಸಂಖ್ಯೆ ಇತ್ತು, ಕೆಳಗೆ ಲೊಕೇಶನ್ ಹೆಡರ್‌ನ ಮುಂದೆ ಡಬ್ಲ್ಯುಗಳಿಲ್ಲದ ಬರಿಯ ವಿಳಾಸ. ಬರಿಯ ವಿಳಾಸ ಕೇಳಿದಾಗ 200, ಅಂದರೆ ಪುಟ ಅಲ್ಲೇ ಇದೆ. ಒಂದೇ ಜಿಗಿತ, ಸುತ್ತು ಎಲ್ಲಿಯೂ ಇಲ್ಲ. ಬಂದ ಕೋರಿಕೆಗಳನ್ನೆಲ್ಲ ಸರ್ವರ್ ಬರೆದಿಡುವ ಆಕ್ಸೆಸ್ ಲಾಗ್ ತೆರೆದೆ. “ಈಗ ಒತ್ತಿ” ಎಂದು ಮೇಷ್ಟ್ರಿಗೆ ಫೋನಿನಲ್ಲಿ ಹೇಳುತ್ತಾ ಲಾಗ್ ನೋಡುತ್ತಿದ್ದರೆ ಅದರಲ್ಲಿ ಒಂದು ಸಾಲೂ ಸೇರಲಿಲ್ಲ. ಅವರ ಬ್ರೌಸರ್ ನನ್ನ ಸರ್ವರ್‌ನ ಬಾಗಿಲಿಗೇ ಬರುತ್ತಿರಲಿಲ್ಲ.

ಸಂಜೆ ಅವರ ಮನೆಗೇ ಹೋದೆ. ಬ್ರೌಸರ್‌ನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ, ‘ಪ್ರಿಸರ್ವ್ ಲಾಗ್’ ಎಂಬಲ್ಲಿ ಗುರುತು ಹಾಕಿ ಪುಟ ತೆರೆದೆ. ಪಕ್ಕದಲ್ಲೇ ಇರುವ ‘ಡಿಸೇಬಲ್ ಕ್ಯಾಶ್’ (ಕ್ಯಾಶ್ ಎಂದರೆ ಬ್ರೌಸರ್ ತನ್ನಲ್ಲೇ ಉಳಿಸಿಕೊಂಡ ನೆನಪು) ಗುರುತನ್ನು ಇಂತಹ ಹುಡುಕಾಟದಲ್ಲಿ ಹಾಕಲೇಬಾರದು, ಹಾಕಿದರೆ ರೋಗದ ಲಕ್ಷಣವೇ ಮಾಯವಾಗುತ್ತದೆ. ಸಾಲುಗಳು ಸರಸರನೆ ಇಳಿದವು. ಬರಿಯ ವಿಳಾಸ, ಮೂರು ಡಬ್ಲ್ಯು, ಮತ್ತೆ ಬರಿಯ ವಿಳಾಸ, ಮತ್ತೆ ಮೂರು ಡಬ್ಲ್ಯು. ಪ್ರತಿ ಸಾಲಿನಲ್ಲೂ 301. ಗಾತ್ರ ತೋರಿಸುವ ಕಂಬದಲ್ಲಿ ಅಂಕಿಯಿರಲಿಲ್ಲ, ಉದ್ದಕ್ಕೂ ಡಿಸ್ಕ್ ಕ್ಯಾಶ್ ಎಂದೇ ಬರೆದಿತ್ತು. ಇಪ್ಪತ್ತು ಜಿಗಿತಗಳಾದ ಮೇಲೆ ಬ್ರೌಸರ್ ಕೈಚೆಲ್ಲಿತು. ಇಂದಿನ ಪ್ರಮುಖ ಬ್ರೌಸರ್‌ಗಳು ಸುಮಾರಾಗಿ ಅಷ್ಟರಲ್ಲೇ ನಿಲ್ಲುತ್ತವೆ.

ಆಗ ಎಲ್ಲವೂ ಹೊಂದಿಕೊಂಡಿತು. ಹಳೆಯ ಹೋಸ್ಟಿಂಗ್ ವರ್ಷಗಟ್ಟಲೆ ಬರಿಯ ವಿಳಾಸವನ್ನು ಮೂರು ಡಬ್ಲ್ಯುವಿನ ಕಡೆಗೆ 301 ಹೇಳಿ ಕಳುಹಿಸುತ್ತಿತ್ತು. ಹೊಸ ಹೋಸ್ಟಿಂಗ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪೂರ್ವನಿಯೋಜಿತ ಆಯ್ಕೆ ಇದರ ತದ್ವಿರುದ್ಧವಾಗಿತ್ತು, ಅದನ್ನು ನಾನು ಹಾಗೆಯೇ ಬಿಟ್ಟಿದ್ದೆ. 301 ಎಂದರೆ ‘ಶಾಶ್ವತವಾಗಿ ಸ್ಥಳಾಂತರಗೊಂಡಿದೆ’. ಬ್ರೌಸರ್ ಅದನ್ನು ಅಕ್ಷರಶಃ ನಂಬಿ ಬರೆದಿಟ್ಟುಕೊಳ್ಳುತ್ತದೆ, ಮುಂದಿನ ಸಲ ಸರ್ವರ್‌ಅನ್ನು ಕೇಳದೆಯೇ ಹೊರಟುಬಿಡುತ್ತದೆ. ಎಷ್ಟು ಕಾಲ ಇಟ್ಟುಕೊಳ್ಳಬೇಕೆಂದು ಸರ್ವರ್ ಹೇಳದಿದ್ದರೆ ಅದು ಬ್ರೌಸರ್‌ನ ಇಚ್ಛೆಗೆ ಬಿಟ್ಟದ್ದು. ಮೇಷ್ಟ್ರ ಬ್ರೌಸರ್ ಹಳೆಯ ಮಾತನ್ನೂ ನೆನಪಿಟ್ಟಿತ್ತು, ರಾತ್ರಿಯಿಂದ ಹೊಸ ಮಾತನ್ನೂ ಸೇರಿಸಿಕೊಂಡಿತ್ತು. ಎರಡು ಮಾತುಗಳ ನಡುವೆ ತಾನೇ ಗಿರಕಿ ಹೊಡೆಯುತ್ತಿತ್ತು. ಆ ಇನ್ನೊಂದು ಬ್ರೌಸರ್‌ಗೆ ಹಳೆಯದು ಗೊತ್ತೇ ಇರಲಿಲ್ಲ, ಹಾಗಾಗಿ ಅಲ್ಲಿ ಪುಟ ಬಂತು. ನಾನು ಪರೀಕ್ಷೆಗೆಂದು ಬಳಸುವುದು ಮುಚ್ಚಿದಾಗಲೆಲ್ಲ ಎಲ್ಲವನ್ನೂ ಅಳಿಸಿಹಾಕುವ ಬ್ರೌಸರ್, ಕರ್ಲ್‌ಗಂತೂ ನೆನಪೇ ಇಲ್ಲ. ಕೆಲವು ಬ್ರೌಸರ್‌ಗಳಲ್ಲಿ ಮಾತ್ರ ತಾಣ ಕೆಡುತ್ತದೆ ಎಂದಾಗ ನಾವು ಬ್ರೌಸರ್‌ನ ಹೆಸರು ಕೇಳುತ್ತೇವೆ. ಕೇಳಬೇಕಾದ ಮೊದಲ ಪ್ರಶ್ನೆ, ಆ ಬ್ರೌಸರ್ ಈ ತಾಣಕ್ಕೆ ಮೊದಲು ಯಾವಾಗ ಬಂದಿತ್ತು ಎಂಬುದು.

ಕಾರಣ ತಿಳಿದ ಉತ್ಸಾಹದಲ್ಲಿ ಕೂಡಲೇ ಪ್ಯಾನೆಲ್‌ನಲ್ಲಿ ದಿಕ್ಕು ಬದಲಿಸಿ ಹಳೆಯ ಹೋಸ್ಟಿಂಗ್‌ನಲ್ಲಿ ಇದ್ದಂತೆ ಮಾಡಿದೆ. ಅದು ತಪ್ಪಾಯಿತು. ಮೇಷ್ಟ್ರ ಬ್ರೌಸರ್‌ನಲ್ಲಿ ಎರಡೂ ದಿಕ್ಕಿನ 301 ಕುಳಿತಿದ್ದರಿಂದ ಅಲ್ಲಿ ಏನೂ ಬದಲಾಗಲಿಲ್ಲ. ಅದರ ಮೇಲೆ ಮರುದಿನ ಒಬ್ಬ ವಿದ್ಯಾರ್ಥಿನಿ, “ಸಾರ್, ನಿನ್ನೆ ತೆರೆಯುತ್ತಿದ್ದ ತಾಣ ಇವತ್ತು ತೆರೆಯುತ್ತಿಲ್ಲ” ಎಂದು ಮೇಷ್ಟ್ರಿಗೆ ಬರೆದಳು. ಆಕೆ ಮೊದಲ ಬಾರಿಗೆ ಬಂದದ್ದೇ ನಡುವಿನ ಆ ಒಂದು ದಿನ, ಮೂರು ಡಬ್ಲ್ಯು ಇರುವ ವಿಳಾಸದಿಂದ. ಅವಳ ಬ್ರೌಸರ್ ಹೊಸ ಹೋಸ್ಟಿಂಗ್‌ನ ಮಾತನ್ನು ಶಾಶ್ವತವೆಂದು ನಂಬಿತ್ತು, ನಾನು ಅದನ್ನು ತಿರುಗಿಸಿದೆ. ಒಂದು ಗುಂಪನ್ನು ಉಳಿಸಲು ಹೋಗಿ ಇನ್ನೊಂದು ಗುಂಪನ್ನು ಸುತ್ತಿಗೆ ಸಿಕ್ಕಿಸಿದ್ದೆ.

ಕೊನೆಗೆ ಎರಡು ವಿಳಾಸಗಳ ನಡುವಿನ ರೀಡೈರೆಕ್ಟ್‌ಅನ್ನೇ ಪೂರ್ತಿ ತೆಗೆದೆ. ಎರಡೂ ಕಡೆ 200, ಎರಡೂ ಕಡೆ ಅದೇ ಪುಟ. ಹುಡುಕು ತಾಣಗಳಿಗೆ ಗೊಂದಲವಾಗದಂತೆ ಪ್ರತಿ ಪುಟದ ತಲೆಭಾಗದಲ್ಲಿ ಮೂರು ಡಬ್ಲ್ಯು ಇರುವ ವಿಳಾಸವನ್ನೇ ಸೂಚಿಸುವ ಕೆನಾನಿಕಲ್ ಕೊಂಡಿ ಹಾಕಿದೆ. ಈಗ ಹಳೆಯದನ್ನಷ್ಟೇ ನೆನಪಿಟ್ಟವರು ಮೂರು ಡಬ್ಲ್ಯುಗೆ ಹೋಗಿ ಪುಟ ಪಡೆದರು, ನಡುವಿನ ದಿನ ಮಾತ್ರ ಬಂದವರು ಬರಿಯ ವಿಳಾಸಕ್ಕೆ ಹೋಗಿ ಪುಟ ಪಡೆದರು. ಎರಡನ್ನೂ ನೆನಪಿಟ್ಟವರಿಗೆ ಮಾತ್ರ ಸರ್ವರ್‌ನಿಂದ ಏನೂ ಮಾಡಲಾಗುವುದಿಲ್ಲ, ಏಕೆಂದರೆ ಅವರು ಸರ್ವರ್‌ವರೆಗೆ ಬರುವುದೇ ಇಲ್ಲ. ಅಂಥವರಿಗೆ ಕ್ಯಾಶ್ ಅಳಿಸುವುದನ್ನು ಹೇಳಿಕೊಡಬೇಕು.

ಅದಕ್ಕೂ ಒಂದು ಉಪಾಯ ಕಂಡುಕೊಂಡೆ. ಬ್ರೌಸರ್ 301 ಅನ್ನು ನೆನಪಿಡುವುದು ತಾಣಕ್ಕೆಲ್ಲ ಸೇರಿ ಅಲ್ಲ, ಒಂದೊಂದು ಪೂರ್ಣ ವಿಳಾಸಕ್ಕೆ ಬೇರೆ ಬೇರೆಯಾಗಿ. ಮುಖಪುಟ ಸುತ್ತುತ್ತಿದ್ದ ಬ್ರೌಸರ್‌ನಲ್ಲೇ ಎಂದೂ ತೆರೆಯದಿದ್ದ ಒಂದು ಪಾಠದ ಪುಟ ಸಲೀಸಾಗಿ ಬಂದದ್ದನ್ನು ನೋಡಿ ಇದು ಹೊಳೆಯಿತು. ಮುಖಪುಟದ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯನ್ನೂ ಒಂದು ಅಂಕಿಯನ್ನೂ ಸೇರಿಸಿದರೆ ಬ್ರೌಸರ್‌ಗೆ ಅದು ಹೊಚ್ಚಹೊಸ ವಿಳಾಸ. ಮೇಷ್ಟ್ರು ಆ ಕೊಂಡಿಯನ್ನು ಎಲ್ಲ ವಿದ್ಯಾರ್ಥಿಗಳಿಗೂ ಕಳುಹಿಸಿದರು. ತಾಣದೊಳಗಿನ ‘ಮುಖಪುಟ’ ಗುಂಡಿಗೂ ಅದೇ ಬಾಲ ಹಚ್ಚಿದೆ. ಕ್ಯಾಶ್ ಎಂಬ ಪದವನ್ನೇ ಕೇಳದ ಮಕ್ಕಳಿಗೂ ಆ ಸಂಜೆ ಲೆಕ್ಕ ನೋಡಲು ಸಾಧ್ಯವಾಯಿತು.

ಈಗ ತಾಣ ಸಾಗಿಸುವ ಮೊದಲೇ ಹಳೆಯ ಸರ್ವರ್ ಯಾವ ವಿಳಾಸವನ್ನು ಎಲ್ಲಿಗೆ ಕಳುಹಿಸುತ್ತಿದೆ ಎಂದು ಕರ್ಲ್‌ನಿಂದ ತೆಗೆದು ಬರೆದಿಟ್ಟುಕೊಳ್ಳುತ್ತೇನೆ. ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್, ಮೂರು ಡಬ್ಲ್ಯು ಇದ್ದು, ಇಲ್ಲದೆ, ಹೀಗೆ ನಾಲ್ಕು ವಿಳಾಸಗಳು. ಹೊಸ ಸರ್ವರ್‌ನಲ್ಲಿ ಎಲ್ಲ ರೀಡೈರೆಕ್ಟ್‌ಗಳನ್ನೂ ಮೊದಲು 302 ಆಗಿಯೇ ಹಾಕುತ್ತೇನೆ. ಅದು ತಾತ್ಕಾಲಿಕ, ಬೇರೆ ಸೂಚನೆ ಕೊಡದಿದ್ದರೆ ಬ್ರೌಸರ್ ಬರೆದಿಟ್ಟುಕೊಳ್ಳುವುದಿಲ್ಲ. ಅಪಾಚೆ ಎಂಬ ಸರ್ವರ್ ತಂತ್ರಾಂಶದ ರೀರೈಟ್ ನಿಯಮದಲ್ಲಿ ಆರ್ ಎಂದಷ್ಟೇ ಬರೆದರೆ ಸಿಗುವುದೂ 302ವೇ. ಮುಂದೆ 301ಕ್ಕೆ ಬದಲಿಸಿದರೂ ಕ್ಯಾಶ್ ಕಂಟ್ರೋಲ್ ಹೆಡರ್‌ನಲ್ಲಿ 3600 ಸೆಕೆಂಡು ಎಂದು ಮಿತಿ ಹಾಕುತ್ತೇನೆ. ಇಲ್ಲಿ ಒಂದು ಎಚ್ಚರ: ಅಪಾಚೆಯ ಹೆಡರ್ ನಿರ್ದೇಶನದಲ್ಲಿ ‘ಆಲ್ವೇಸ್’ ಎಂಬ ಪದ ಬಿಟ್ಟುಹೋದರೆ ಆ ಮಿತಿ ರೀಡೈರೆಕ್ಟ್ ಉತ್ತರಗಳಿಗೆ ಅಂಟುವುದೇ ಇಲ್ಲ. ಈ ಒಂದು ಪದಕ್ಕಾಗಿ ನಾನು ಒಂದು ಮಧ್ಯಾಹ್ನ ಕಳೆದಿದ್ದೇನೆ.

ಎಚ್‌ಎಸ್‌ಟಿಎಸ್ ಇನ್ನೂ ಗಟ್ಟಿಯಾದ ನೆನಪು. 2012ರಲ್ಲಿ ಮಾನದಂಡವಾದ ಈ ಹೆಡರ್ ಸಿಕ್ಕರೆ ಬ್ರೌಸರ್ ಆ ತಾಣವನ್ನು ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ತೆರೆಯುತ್ತದೆ, ಅದೂ ಹೆಡರ್‌ನಲ್ಲಿ ಹೇಳಿದಷ್ಟು ಕಾಲ. ಸಾಮಾನ್ಯವಾಗಿ ಹಾಕುವುದು 31536000 ಸೆಕೆಂಡು, ಅಂದರೆ ಒಂದು ವರ್ಷ. ಹೊಸ ಹೋಸ್ಟಿಂಗ್‌ನಲ್ಲಿ ಎಚ್‌ಟಿಟಿಪಿಎಸ್‌ಗೆ ಬೇಕಾದ ಪ್ರಮಾಣಪತ್ರ ಸಿದ್ಧವಾಗುವ ಮೊದಲೇ ಡೊಮೇನ್ ತಿರುಗಿಸಿದರೆ ಹಳೆಯ ಭೇಟಿಗಾರರಿಗೆಲ್ಲ ದಾಟಲಾಗದ ಎಚ್ಚರಿಕೆಯ ಪುಟ ಎದುರಾಗುತ್ತದೆ, ಹೊಸಬರು ಎಚ್‌ಟಿಟಿಪಿಯಲ್ಲಿ ಸುಮ್ಮನೆ ಒಳಗೆ ಬರುತ್ತಾರೆ. ಆದ್ದರಿಂದ ಪ್ರಮಾಣಪತ್ರ ಮೊದಲು, ಡೊಮೇನ್ ಆಮೇಲೆ. ಹೆಡರ್ ಹಿಂದೆಗೆಯಬೇಕೆಂದರೂ ಎಚ್‌ಟಿಟಿಪಿಎಸ್ ಮೂಲಕವೇ ಅವಧಿಯನ್ನು ಸೊನ್ನೆ ಎಂದು ಕಳುಹಿಸಬೇಕು.

ದೂರು ಬಂದಾಗ ಕೇಳುವ ಕ್ರಮವೂ ಬದಲಾಗಿದೆ. ಎಲ್ಲರಿಗೂ ಸುತ್ತುತ್ತಿದ್ದರೆ ಅದು ನೆನಪಿನ ತೊಂದರೆಯಲ್ಲ. ಹೆಚ್ಚಾಗಿ ಸರ್ವರ್‌ನ ಮುಂದೆ ಕುಳಿತ ಪ್ರಾಕ್ಸಿ, ಅಂದರೆ ನಡುವಿನ ಮಧ್ಯವರ್ತಿ, ಒಳಗಡೆ ಎಚ್‌ಟಿಟಿಪಿಯಲ್ಲಿ ಮಾತನಾಡುತ್ತಿರುತ್ತದೆ, ಸರ್ವರ್ ಅದನ್ನು ಕಂಡು ಪ್ರತಿಸಲವೂ ಎಚ್‌ಟಿಟಿಪಿಎಸ್‌ಗೆ ಹೋಗು ಎನ್ನುತ್ತಿರುತ್ತದೆ. ಅದೇ ಬ್ರೌಸರ್ ಮನೆಯ ವೈಫೈನಲ್ಲಿ ಕೆಟ್ಟು ಮೊಬೈಲ್ ಡೇಟಾದಲ್ಲಿ ಸರಿಹೋದರೆ ತಾಣದ ಹೆಸರಿಗೆ ಸರ್ವರ್‌ನ ವಿಳಾಸ ಹೇಳುವ ಡಿಎನ್ಎಸ್ ನೋಡುತ್ತೇನೆ, ಕೆಲವೊಮ್ಮೆ ಹಳೆಯ ಸರ್ವರ್‌ನ ಐಪಿವಿ6 (ಹೊಸ ಬಗೆಯ ಅಂತರ್ಜಾಲ ವಿಳಾಸ) ದಾಖಲೆ ಅಳಿಸದೆ ಉಳಿದಿರುತ್ತದೆ. ಒಂದೇ ಸಂಪರ್ಕದಲ್ಲಿ ಒಂದು ಬ್ರೌಸರ್ ಸರಿ, ಇನ್ನೊಂದು ಕೆಟ್ಟಿದೆ ಎಂದಾದರೆ ಖಾಸಗಿ ಕಿಟಕಿಯಲ್ಲಿ ತೆರೆಯಲು ಹೇಳುತ್ತೇನೆ. ಅಲ್ಲಿ ಬಂದರೆ ನೆಟ್‌ವರ್ಕ್ ವಿಭಾಗದಲ್ಲಿ ಡಿಸ್ಕ್ ಕ್ಯಾಶ್ ಎಂಬ ಸಾಲುಗಳನ್ನು ಹುಡುಕುತ್ತೇನೆ.

ಮೇಷ್ಟ್ರ ತಾಣದಲ್ಲಿ ಎರಡೂ ವಿಳಾಸಗಳು ನಾಲ್ಕು ತಿಂಗಳು ಹಾಗೆಯೇ ನಡೆದವು. ಆಮೇಲೆ ಬರಿಯ ವಿಳಾಸದಿಂದ ಮೂರು ಡಬ್ಲ್ಯುಗೆ 302 ಹಾಕಿದೆ. “ಶಾಶ್ವತದ್ದನ್ನು ಯಾವಾಗ ಹಾಕುತ್ತೀಯಮ್ಮಾ?” ಎಂದು ಮೇಷ್ಟ್ರು ಮೊನ್ನೆಯೂ ಕೇಳಿದರು. ಇನ್ನೂ ಹಾಕಿಲ್ಲ.